ವಿಳಾಸ ಸಿಗದ ಹೆಸರುಗಳು

ಬ್ರೌಸರಿನಲ್ಲಿ ಒಂದು ತಾಣದ ಹೆಸರು ಬರೆದು ಎಂಟರ್ ಒತ್ತಿದಾಗ ಕಂಪ್ಯೂಟರ್ ಮಾಡುವ ಮೊದಲ ಕೆಲಸ ಆ ಹೆಸರಿನ ಹಿಂದಿರುವ ಅಂಕಿಯ ವಿಳಾಸವನ್ನು, ಅಂದರೆ ಐಪಿ ವಿಳಾಸವನ್ನು, ಹುಡುಕುವುದು. ಪುಟ, ಚಿತ್ರ, ವಿಡಿಯೊ ಎಲ್ಲವೂ ಅದು ಸಿಕ್ಕಿದ ಮೇಲಿನ ಮಾತು. ಈ ಹುಡುಕಾಟ ಕೆಟ್ಟರೆ ಬಳಸುವವರ ಕಣ್ಣಿಗೆ ಇಡೀ ಇಂಟರ್‌ನೆಟ್ಟೇ ನಿಂತಂತೆ ಕಾಣುತ್ತದೆ. ತಂತಿ, ವೈಫೈ, ಸೇವಾದಾರರ ಜಾಲ ಎಲ್ಲವೂ ಸರಿಯಾಗಿಯೇ ಇದ್ದು, ಹೆಸರನ್ನು ವಿಳಾಸವಾಗಿಸುವ ಕೊಂಡಿಯೊಂದೇ ಕಳಚಿರಬಹುದು. ರೂಟರ್ ಆರಿಸಿ ಹಚ್ಚುವುದು, ಆಪರೇಟಿಂಗ್ ಸಿಸ್ಟಮ್ಮನ್ನೇ ಮರಳಿ ಹಾಕುವುದು ಮುಂತಾದ ಉಪಾಯಗಳಲ್ಲಿ ಗಂಟೆಗಟ್ಟಲೆ ಕಳೆದುಹೋಗುವುದು ಇಲ್ಲಿಯೇ. ಕೊಂಡಿಗಳು ಬೆರಳೆಣಿಕೆಯಷ್ಟಿವೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪ್ರಶ್ನಿಸಿ ನೋಡುವ ದಾರಿಯೂ ಇದೆ.

ದಕ್ಷಿಣ ದೆಹಲಿಯ ಮುನಿರ್ಕಾದಲ್ಲಿ ಈ ತೊಂದರೆಯ ಹೆಚ್ಚುಕಡಿಮೆ ಎಲ್ಲ ರೂಪಗಳೂ ಒಂದೇ ಕಟ್ಟಡದಲ್ಲಿ ನೋಡಸಿಗುತ್ತವೆ. ಒಂದು ಕಾಲದ ಹಳ್ಳಿ ಇಂದು ಒತ್ತೊತ್ತಾಗಿ ಎದ್ದ ಬಾಡಿಗೆ ಮನೆಗಳ ಗಲ್ಲಿಗಳಾಗಿದೆ. ಬಾಬಾ ಗಂಗನಾಥ ಮಾರ್ಗದ ಆಚೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಪೂರ್ವಕ್ಕೆ ಬೇರ್ ಸರಾಯ್ ದಾಟಿದರೆ ಐಐಟಿ, ಹೊರ ವರ್ತುಲ ರಸ್ತೆಯ ಉತ್ತರಕ್ಕೆ ರಾಮಕೃಷ್ಣಪುರಂ. ಜೆಎನ್‌ಯುವಿನಲ್ಲಿ ಕನ್ನಡ ಭಾಷಾ ಪೀಠವಿದೆ, ರಾಮಕೃಷ್ಣಪುರಂನಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಓದಲು, ನಾಗರಿಕ ಸೇವಾ ಪರೀಕ್ಷೆಗೆ ತಯಾರಾಗಲು ಊರಿನಿಂದ ಬಂದ ಕನ್ನಡದ ಹುಡುಗ ಹುಡುಗಿಯರಿಗೆ ಈ ಸುತ್ತಿನ ಕೋಣೆಗಳು ಹೊಸವಲ್ಲ. ಇಂಥ ಕಟ್ಟಡಗಳಲ್ಲಿ ಮನೆಮಾಲೀಕರು ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕ ತಂದು, ಮೆಟ್ಟಿಲ ಪಕ್ಕದ ಸ್ವಿಚ್‌ನಿಂದ ಮಹಡಿ ಮಹಡಿಗೆ ತಂತಿ ಎಳೆಸಿರುವುದು ಸಾಮಾನ್ಯ. ಬಾಡಿಗೆದಾರರು ಅದಕ್ಕೆ ತಮ್ಮ ತಮ್ಮ ರೂಟರ್ ಜೋಡಿಸಿಕೊಳ್ಳುತ್ತಾರೆ. ಹಗಲು ಕ್ಯಾಂಪಸ್ಸಿನ ಜಾಲದಲ್ಲಿದ್ದ ಲ್ಯಾಪ್‌ಟಾಪ್ ರಾತ್ರಿ ಕೋಣೆಯ ಜಾಲಕ್ಕೆ ಬರುತ್ತದೆ. ಎರಡು ಜಾಲಗಳ ನಡುವೆ ದಿನವೂ ಓಡಾಡುವ ಯಂತ್ರದಲ್ಲಿ ಹೆಸರು ಹುಡುಕುವ ಕೊಂಡಿ ಎಲ್ಲಕ್ಕಿಂತ ಮೊದಲು ಸಡಿಲವಾಗುತ್ತದೆ.

ಹುಡುಕಾಟ ನಡೆಯುವ ಬಗೆ ಹೀಗೆ. ಯಂತ್ರ ಮೊದಲು ತನ್ನಲ್ಲೇ ನೋಡಿಕೊಳ್ಳುತ್ತದೆ: ಹೋಸ್ಟ್ಸ್ ಎಂಬ ಸಣ್ಣ ಕಡತದಲ್ಲಿ, ಬಳಿಕ ಈಚೆಗೆ ಕೇಳಿ ನೆನಪಿಟ್ಟುಕೊಂಡ ಉತ್ತರಗಳಲ್ಲಿ. ಅಲ್ಲಿ ಸಿಗದಿದ್ದರೆ ತನಗೆ ಗೊತ್ತುಮಾಡಿರುವ ಡಿಎನ್‌ಎಸ್ ಸರ್ವರ್‌ಗೆ, ಅಂದರೆ ಹೆಸರಿಗೆ ವಿಳಾಸ ಹೇಳುವ ಸರ್ವರ್‌ಗೆ, ಪ್ರಶ್ನೆ ಕಳಿಸುತ್ತದೆ. ಮನೆಗಳಲ್ಲಿ ಆ ಸರ್ವರ್ ಎಂದರೆ ಸಾಮಾನ್ಯವಾಗಿ ರೂಟರೇ, ಅದು ಪ್ರಶ್ನೆಯನ್ನು ಸೇವಾದಾರರ ಸರ್ವರ್‌ಗೆ ದಾಟಿಸುತ್ತದೆ. ಮುಂದಿನದು ಗಲ್ಲಿಯಲ್ಲಿ ಮನೆ ಹುಡುಕಿದ ಹಾಗೆ, ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಜೆಎನ್‌ಯು.ಎಸಿ.ಇನ್ ಎಂಬ ಹೆಸರನ್ನು ಕೇಳಿದರೆ ಮೂಲ ಸರ್ವರ್‌ಗಳು ‘ಡಾಟ್ ಇನ್’ ನೋಡಿಕೊಳ್ಳುವವರನ್ನು ಕೇಳಿ ಎನ್ನುತ್ತವೆ, ಆ ಸರ್ವರ್‌ಗಳು ವಿಶ್ವವಿದ್ಯಾಲಯದ ಹೆಸರುಗಳನ್ನು ಹೊತ್ತ ಸರ್ವರ್ ಯಾವುದೆಂದು ಹೇಳುತ್ತವೆ, ಕೊನೆಗೆ ಆ ಸರ್ವರ್ ವಿಳಾಸ ಕೊಡುತ್ತದೆ. ಡಾಟ್ ಇನ್ ನೋಂದಣಿಯ ಹೊಣೆ ನಿಕ್ಸಿ ಸಂಸ್ಥೆಯದು, ಅದರೊಳಗಿನ ಎಸಿ.ಇನ್ ಹೆಸರುಗಳನ್ನು ನೋಂದಾಯಿಸುವುದು ಅರ್ನೆಟ್. ಕ್ಷಣಾರ್ಧದಲ್ಲಿ ಮುಗಿಯುವ ಈ ಕೆಲಸದಲ್ಲಿ ಕೋಣೆಯ ಯಂತ್ರ ನೇರವಾಗಿ ಮಾತಾಡುವುದು ಒಂದೇ ಒಂದು ಸರ್ವರ್ ಜೊತೆ. ದೋಷಗಳಲ್ಲಿ ಹೆಚ್ಚಿನವು ಕೋಣೆಗೂ ಆ ಮೊದಲ ಸರ್ವರ್‌ಗೂ ನಡುವೆಯೇ ಇರುತ್ತವೆ.

ಹೋಸ್ಟ್ಸ್ ಕಡತ ಡಿಎನ್‌ಎಸ್‌ಗಿಂತ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್‌ನ ಎಲ್ಲ ಯಂತ್ರಗಳ ಹೆಸರು, ವಿಳಾಸ ಒಂದೇ ಪಟ್ಟಿಯಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಇಡುತ್ತಿತ್ತು, ಉಳಿದವರು ಪ್ರತಿ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಒಂದು ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹಂಚಿಕೊಂಡು ನಡೆಸುವ ವ್ಯವಸ್ಥೆಯ ವಿನ್ಯಾಸ ಪ್ರಕಟಿಸಿದರು. 1987ರಲ್ಲಿ ಪರಿಷ್ಕಾರಗೊಂಡ ಅದರ ನಿಯಮಗಳೇ ಇಂದಿಗೂ ಡಿಎನ್‌ಎಸ್‌ನ ತಳಹದಿ. ಆದರೂ ಹಳೆಯ ಕಡತ ಪ್ರತಿ ಯಂತ್ರದಲ್ಲಿ ಉಳಿದುಕೊಂಡಿದೆ, ಅದರ ಮಾತೇ ಮೊದಲು ನಡೆಯುತ್ತದೆ. ದೋಷ ಹುಡುಕುವವರು ಇದನ್ನು ಮರೆಯಬಾರದು.

ಮೊದಲು ತಿಳಿಯಬೇಕಾದದ್ದು ಕೆಟ್ಟಿರುವುದು ಹೆಸರಿನ ಹುಡುಕಾಟವೋ ಸಂಪರ್ಕವೋ ಎಂದು. ಇದಕ್ಕೆ ಪಿಂಗ್ ಆಜ್ಞೆ ಸಾಕು. 1.1.1.1 ಅಥವಾ 8.8.8.8ರಂಥ ಅಂಕಿ ವಿಳಾಸಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದು, ಹೆಸರಿಗೆ ಪಿಂಗ್ ಮಾಡಿದಾಗ ‘ಹೋಸ್ಟ್ ಸಿಗಲಿಲ್ಲ’ ಎಂದರೆ ದೋಷ ಹೆಸರಿನಲ್ಲಿದೆ. ಎರಡೂ ಸೋತರೆ ಹೆಸರಿನ ಗೊಡವೆ ಬಿಟ್ಟು ತಂತಿ, ವೈಫೈ, ರೂಟರ್ ನೋಡಬೇಕು. ಯಂತ್ರದ ಸ್ವಂತ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಆಗ ಡಿಎನ್‌ಎಸ್ ಮಾತು ಬಹಳ ದೂರದ್ದು. ಕೆಲವು ಜಾಲಗಳು ಪಿಂಗನ್ನೇ ತಡೆಯುವುದರಿಂದ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಇನ್ನೊಂದು ಗೊಂದಲವೂ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಫಲಿತಾಂಶದಂಥ ದಿನಗಳಲ್ಲಿ ತಾಣ ತೆರೆಯದಿದ್ದರೆ ಹೆಸರು ವಿಳಾಸವಾಗಿ ಬದಲಾಗಿಯೇ ಇರುತ್ತದೆ, ಆ ತುದಿಯ ಸರ್ವರ್ ಜನಜಂಗುಳಿಯಲ್ಲಿ ಬಳಲಿರುತ್ತದೆ. ಅದಕ್ಕೆ ಕೋಣೆಯಲ್ಲಿ ಮಾಡುವ ದುರಸ್ತಿ ಯಾವುದೂ ಇಲ್ಲ.

ದೋಷ ಹೆಸರಿನಲ್ಲೇ ಇದೆ ಎಂದು ಗೊತ್ತಾದ ಮೇಲೆ, ಅದು ಹೇಗೆ ಸೋಲುತ್ತಿದೆ ಎಂಬುದನ್ನು ಗಮನವಿಟ್ಟು ಓದಬೇಕು. ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ, ಜನ ಓದದೆ ಬಿಡುವುದೂ ಇದನ್ನೇ. ಉತ್ತರವೇ ಬಾರದಿರುವುದು ಬೇರೆ, ‘ಆ ಹೆಸರು ಇಲ್ಲ’ ಎಂಬ ಉತ್ತರ ಬರುವುದು ಬೇರೆ, ‘ನನ್ನಿಂದ ಹುಡುಕಲಾಗಲಿಲ್ಲ’ ಎಂಬ ಉತ್ತರ ಇನ್ನೂ ಬೇರೆ. ವಿಂಡೋಸ್‌ನ ಎನ್‌ಎಸ್‌ಲುಕಪ್ ಅಥವಾ ಲಿನಕ್ಸ್‌ನ ಡಿಗ್ ಈ ಮೂರನ್ನೂ ಬಿಡಿಸಿ ಹೇಳುತ್ತವೆ. ಸಮಯ ಮೀರಿತು ಎಂದರೆ ಪ್ರಶ್ನೆ ಸರ್ವರ್ ಮುಟ್ಟಿಲ್ಲ, ಇಲ್ಲವೇ ಉತ್ತರ ಹಿಂತಿರುಗಿಲ್ಲ: ಸರ್ವರಿನ ವಿಳಾಸ ತಪ್ಪಿರಬಹುದು, ಫೈರ್‌ವಾಲ್ ತಡೆದಿರಬಹುದು. ಎನ್‌ಎಕ್ಸ್‌ಡೊಮೈನ್ ಎಂದರೆ ಸರ್ವರ್ ಬದುಕಿದೆ, ಕೇಳಿದ ಹೆಸರು ಅದರ ಲೆಕ್ಕದಲ್ಲಿ ಇಲ್ಲ. ಅಕ್ಷರ ತಪ್ಪಿದೆ, ಇಲ್ಲವೇ ತಪ್ಪು ಜಾಗದಲ್ಲಿ ಕೇಳಲಾಗಿದೆ. ಸರ್ವ್‌ಫೇಲ್ ಎಂದರೆ ಹತ್ತಿರದ ಸರ್ವರ್ ಸರಿಯಿದೆ, ಅದರಾಚೆ ಎಲ್ಲೋ ಎಡವಟ್ಟಾಗಿದೆ. 2021ರ ಅಕ್ಟೋಬರ್ 4ರಂದು, ಭಾರತದಲ್ಲಿ ರಾತ್ರಿ ಒಂಬತ್ತು ದಾಟಿದ್ದಾಗ, ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಹೋದವು. ಕಂಪನಿಯೊಳಗಿನ ನಿರ್ವಹಣಾ ಕೆಲಸದಲ್ಲಾದ ತಪ್ಪಿನಿಂದ ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಗಳೇ ಇಂಟರ್‌ನೆಟ್ಟಿನಿಂದ ಅಳಿಸಿಹೋಗಿದ್ದವು. ಆ ಸುಮಾರು ಆರು ಗಂಟೆ ಜಗತ್ತಿನ ಯಾವ ಮೂಲೆಯಲ್ಲಿ ಕೇಳಿದರೂ ಸಿಗುತ್ತಿದ್ದದ್ದು ಸರ್ವ್‌ಫೇಲ್. ಅಂಥ ಹೊತ್ತಿನಲ್ಲಿ ಕೋಣೆಯ ರೂಟರ್ ಬಿಚ್ಚಿದರೆ ಏನೂ ಸಿಗುವುದಿಲ್ಲ.

ಉತ್ತರವೇ ಬರುತ್ತಿಲ್ಲ ಎಂದಾದರೆ, ಯಂತ್ರ ಯಾರನ್ನು ಕೇಳುತ್ತಿದೆ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಆಜ್ಞೆಗೆ ‘ಆಲ್’ ಸೇರಿಸಿ ಓಡಿಸಿದರೆ ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಬರುತ್ತದೆ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ರಿಸಾಲ್ವ್ ಡಾಟ್ ಕಾನ್ಫ್ ಕಡತ ತೆರೆದರೆ 127.0.0.53 ಎಂದಷ್ಟೇ ಕಾಣುತ್ತದೆ. ಅದು ಯಂತ್ರದೊಳಗಿನ ಮಧ್ಯವರ್ತಿಯ ವಿಳಾಸ. ನಿಜವಾದ ಸರ್ವರ್ ತಿಳಿಯಲು ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಎಂದು ಕೇಳಬೇಕು. ಮ್ಯಾಕ್‌ನಲ್ಲಿ ಎಸ್‌ಸಿಯುಟಿಲ್ ಇದನ್ನು ತೋರಿಸುತ್ತದೆ. ಮುನಿರ್ಕಾದಂಥ ಜಾಗದಲ್ಲಿ ಮೊದಲು ಸಂಶಯಪಡಬೇಕಾದದ್ದು ಕೈಯಾರೆ ಬರೆದಿಟ್ಟ ವಿಳಾಸವನ್ನು. ಕ್ಯಾಂಪಸ್ಸಿನಲ್ಲೋ ಪ್ರಯೋಗಾಲಯದಲ್ಲೋ ಯಾರೋ 10ರಿಂದ ಶುರುವಾಗುವ ಒಳಜಾಲದ ಸರ್ವರ್ ವಿಳಾಸವನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಟ್ಟಿರುತ್ತಾರೆ. ಅದು ಗೋಡೆಯೊಳಗೆ ಮಾತ್ರ ಇರುವ ವಿಳಾಸ. ರಾತ್ರಿ ಕೋಣೆಯಲ್ಲಿ ಅದೇ ವಿಳಾಸಕ್ಕೆ ಹೋದ ಪ್ರಶ್ನೆಗಳು ಸೇವಾದಾರರ ಜಾಲದಲ್ಲಿ ಕಳೆದುಹೋಗುತ್ತವೆ. ತಿರುಗುಮುರುಗಾಗಿಯೂ ನಡೆಯುತ್ತದೆ: ಕೋಣೆಯಲ್ಲಿ 8.8.8.8 ಎಂದು ಬರೆದುಕೊಂಡವರು ಕ್ಯಾಂಪಸ್ಸಿಗೆ ಹೋದರೆ, ಹೊರಗಿನ ಡಿಎನ್‌ಎಸ್‌ಗೆ ಪ್ರಶ್ನೆ ಹೋಗುವ 53ನೇ ಪೋರ್ಟನ್ನು ಹಲವು ಸಂಸ್ಥೆಗಳು ಮುಚ್ಚಿರುವುದರಿಂದ ಅಲ್ಲೂ ಉತ್ತರವಿಲ್ಲ. ಮದ್ದು ಸರಳ: ಡಿಎನ್‌ಎಸ್ ವಿಳಾಸವನ್ನು ತಾನಾಗಿ ಪಡೆಯುವಂತೆ ಬಿಡಬೇಕು. ಆಗ ಎಲ್ಲಿಗೆ ಹೋದರೂ ಅಲ್ಲಿನ ರೂಟರ್ ಅಲ್ಲಿಗೆ ತಕ್ಕ ಸರ್ವರನ್ನು ಹೇಳುತ್ತದೆ.

ಪಟ್ಟಿಯಲ್ಲಿ ಗುರುತೇ ಇಲ್ಲದ ವಿಳಾಸ ಕಂಡರೆ ಅಸಡ್ಡೆ ಮಾಡಬಾರದು. ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶ ಹೀಗೆಯೇ ಸರ್ವರ್ ವಿಳಾಸ ಬದಲಿಸಿ ಸುಮಾರು 40 ಲಕ್ಷ ಯಂತ್ರಗಳನ್ನು ತನ್ನ ಸರ್ವರ್‌ಗಳತ್ತ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಎಫ್‌ಬಿಐ ತನಿಖೆಯಿಂದ ಅದರ ಹಿಂದಿದ್ದವರು ಸಿಕ್ಕಿಬಿದ್ದರು. ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಲಕ್ಷಾಂತರ ಜನರಿಗೆ ಯಾವ ಹೆಸರೂ ಸಿಗುತ್ತಿರಲಿಲ್ಲವಾದ್ದರಿಂದ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರ್‌ಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ರೂಟರಿನ ಪಾಸ್‌ವರ್ಡ್ ಡಬ್ಬಿಯ ಮೇಲೆ ಬರೆದದ್ದೇ ಇನ್ನೂ ಇದ್ದರೆ, ಇಂಥ ಬದಲಾವಣೆ ಲ್ಯಾಪ್‌ಟಾಪಿನಲ್ಲಲ್ಲ, ರೂಟರಿನಲ್ಲೇ ಆಗಿರಬಹುದು.

ಹಂಚಿಕೊಂಡ ಕಟ್ಟಡಗಳಿಗೇ ಮೀಸಲಾದ ಎರಡು ದೋಷಗಳಿವೆ. ಒಂದು, ಬಾಡಿಗೆದಾರರೊಬ್ಬರು ಹೊಸ ರೂಟರಿನಲ್ಲಿ ಹೊರಸಂಪರ್ಕದ ವ್ಯಾನ್ ಕಿಂಡಿಯ ಬದಲು ಒಳಜಾಲದ ಲ್ಯಾನ್ ಕಿಂಡಿಗೆ ಗೋಡೆಯ ತಂತಿ ಚುಚ್ಚುವುದು. ಆಗ ಆ ರೂಟರ್ ಇಡೀ ಕಟ್ಟಡಕ್ಕೆ ತಾನೇ ಯಜಮಾನನೆಂದು ವಿಳಾಸ ಹಂಚತೊಡಗುತ್ತದೆ, ಡಿಎನ್‌ಎಸ್ ಸರ್ವರ್ ಎಂದು ತನ್ನನ್ನೇ ಹೇಳುತ್ತದೆ, ಆದರೆ ಅದಕ್ಕೆ ಹೊರದಾರಿ ಇಲ್ಲ. ಯಾರಿಗೆ ಯಾವ ರೂಟರ್ ಮೊದಲು ಉತ್ತರಿಸಿತು ಎಂಬುದರ ಮೇಲೆ ಒಂದು ಕೋಣೆಯಲ್ಲಿ ಎಲ್ಲ ಸರಿ, ಪಕ್ಕದ ಕೋಣೆಯಲ್ಲಿ ಎಲ್ಲ ತಪ್ಪು. ಬೆಳಿಗ್ಗೆ ಇದ್ದದ್ದು ಸಂಜೆಗೆ ಹೋಗುತ್ತದೆ. ಮನೆಮಾಲೀಕರು ಸೇವಾದಾರರನ್ನು, ಸೇವಾದಾರರು ಬಾಡಿಗೆದಾರರ ಲ್ಯಾಪ್‌ಟಾಪನ್ನು ದೂರುತ್ತಾ ದಿನ ಕಳೆಯುತ್ತದೆ. ಕೆಟ್ಟ ಕೋಣೆಯ ಯಂತ್ರದಲ್ಲೂ ಸರಿಯಿರುವ ಕೋಣೆಯ ಯಂತ್ರದಲ್ಲೂ ಗೇಟ್‌ವೇ ಮತ್ತು ಡಿಎನ್‌ಎಸ್ ವಿಳಾಸ ಹೋಲಿಸಿದರೆ ಗುಟ್ಟು ಬಯಲಾಗುತ್ತದೆ. ಇನ್ನೊಂದು, ಕೆಳಗಿನ ರೂಟರೂ ಕೋಣೆಯ ರೂಟರೂ 192.168.1.1 ಎಂಬ ಒಂದೇ ವಿಳಾಸ ಇಟ್ಟುಕೊಂಡಿರುವುದು. ಕೋಣೆಯ ರೂಟರಿಗೆ ಮೇಲಿನ ಸರ್ವರ್ ಎಂದರೆ ತಾನೇ ಎಂಬಂತಾಗಿ ಪ್ರಶ್ನೆ ಹೊರಗೆ ಹೋಗುವುದೇ ಇಲ್ಲ. ಒಳಜಾಲದ ವಿಳಾಸವನ್ನು 192.168.50.1ರಂಥ ಬೇರೊಂದಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ಕೊಡುತ್ತದೆ, ಬ್ರೌಸರ್ ಮಾತ್ರ ತೆರೆಯುವುದಿಲ್ಲ ಎಂಬ ದೂರು ಬಹಳ ಸಾಮಾನ್ಯ. ಕಾರಣವಿಷ್ಟೇ: ಎನ್‌ಎಸ್‌ಲುಕಪ್, ಡಿಗ್‌ಗಳು ಹೋಸ್ಟ್ಸ್ ಕಡತವನ್ನೂ ಯಂತ್ರದ ನೆನಪನ್ನೂ ಬದಿಗಿಟ್ಟು ನೇರ ಸರ್ವರನ್ನೇ ಕೇಳುತ್ತವೆ, ಪಿಂಗ್ ಮತ್ತು ಬ್ರೌಸರ್ ಯಂತ್ರದ ಮಾಮೂಲಿ ದಾರಿಯಲ್ಲಿ ಹೋಗುತ್ತವೆ. ಎರಡೂ ಬೇರೆ ಬೇರೆ ವಿಳಾಸ ಹೇಳಿದರೆ ದೋಷ ಯಂತ್ರದೊಳಗೇ ಇದೆ. ಲಿನಕ್ಸ್‌ನಲ್ಲಿ ಮಾಮೂಲಿ ದಾರಿಯ ಉತ್ತರ ನೋಡಲು ಗೆಟೆಂಟ್ ಹೋಸ್ಟ್ಸ್ ಎಂಬ ಆಜ್ಞೆಯಿದೆ. ಎನ್‌ಎಸ್‌ಲುಕಪ್ ಮೊದಲ ಸಾಲಿನಲ್ಲಿ ಸರ್ವರ್ ‘ಅನ್‌ನೋನ್’ ಎಂದು ಬರೆದರೆ ಅದನ್ನೇ ದೋಷವೆಂದು ಹಿಡಿಯುವವರಿದ್ದಾರೆ. ಸರ್ವರಿನ ಅಂಕಿ ವಿಳಾಸಕ್ಕೆ ಹೆಸರು ಸಿಗಲಿಲ್ಲ ಎಂದಷ್ಟೇ ಅದರರ್ಥ, ಹುಡುಕಾಟಕ್ಕೆ ಅದರಿಂದ ತೊಡಕಿಲ್ಲ.

ಹೋಸ್ಟ್ಸ್ ಕಡತ ವಿಂಡೋಸ್‌ನಲ್ಲಿ ಸಿಸ್ಟಮ್ 32ರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಕೋಶದಲ್ಲಿದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ನೇರವಾಗಿ ಇಟಿಸಿಯಲ್ಲಿದೆ. ಹಿಂದೊಮ್ಮೆ ಪ್ರಯೋಗಕ್ಕೆಂದು ಸೇರಿಸಿದ ಸಾಲು, ಜಾಹೀರಾತು ತಡೆಯಲು ಅಂಟಿಸಿದ ಉದ್ದನೆಯ ಪಟ್ಟಿ, ವೈರಸ್ ಬರೆದಿಟ್ಟ ಸುಳ್ಳು ವಿಳಾಸ, ಹೀಗೆ ಏನೂ ಇರಬಹುದು. ಇದಕ್ಕೆ ತದ್ವಿರುದ್ಧದ ಪೇಚೂ ಉಂಟು. ನೋಟ್‌ಪ್ಯಾಡಿನಲ್ಲಿ ಕಡತ ತಿದ್ದಿ ಉಳಿಸುವಾಗ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ವಿಂಡೋಸ್ ಆ ಬಾಲವನ್ನು ಅಡಗಿಸಿ ತೋರಿಸುವುದರಿಂದ ಕಡತ ಸರಿಯಾಗಿಯೇ ಕಾಣುತ್ತದೆ, ಯಂತ್ರ ಮಾತ್ರ ಅದನ್ನು ಓದುವುದಿಲ್ಲ.

ಹೆಸರು ಸಿಗುತ್ತದೆ, ಆದರೆ ಪ್ರತಿ ಸಲ ಕೆಲವು ಸೆಕೆಂಡು ಕಾಯಿಸುತ್ತದೆ ಎಂಬುದು ಬೇರೆಯದೇ ಕಥೆ. ಪಟ್ಟಿಯಲ್ಲಿ ಎರಡು ಮೂರು ಸರ್ವರ್‌ಗಳಿದ್ದು ಮೊದಲನೆಯದು ಸತ್ತಿದ್ದರೆ ಹೀಗಾಗುತ್ತದೆ. ಲಿನಕ್ಸ್‌ನ ಹಳೆಯ ಪದ್ಧತಿಯಲ್ಲಿ ಮೊದಲ ಸರ್ವರಿಗಾಗಿ 5 ಸೆಕೆಂಡು ಕಾದ ಮೇಲೆಯೇ ಎರಡನೆಯದನ್ನು ಕೇಳುವುದು, ಮೂರಕ್ಕಿಂತ ಹೆಚ್ಚು ಸರ್ವರ್ ಬರೆದರೂ ಲೆಕ್ಕಕ್ಕಿಲ್ಲ. ಒಂದು ಪುಟ ತೆರೆಯಲು ಹತ್ತಾರು ಹೆಸರು ಬೇಕಾಗುವುದರಿಂದ ಜಾಲವೇ ನಿಧಾನ ಎಂಬ ಭಾವನೆ ಹುಟ್ಟುತ್ತದೆ, ವೇಗದ ಪರೀಕ್ಷೆ ಮಾಡಿದರೆ ಮಾತ್ರ ವೇಗ ಪೂರ್ತಿ ಇರುತ್ತದೆ. ಐಪಿವಿ6 ಇನ್ನೊಂದು ಕಾರಣ. ರೂಟರ್ ಐಪಿವಿ6ರ ಡಿಎನ್‌ಎಸ್ ವಿಳಾಸವೊಂದನ್ನು ಹಂಚಿ, ಆ ದಾರಿ ನಿಜಕ್ಕೂ ಕೆಲಸ ಮಾಡದಿದ್ದರೆ, ಯಂತ್ರ ಮೊದಲು ಆ ಮುಚ್ಚಿದ ಬಾಗಿಲನ್ನೇ ತಟ್ಟುತ್ತದೆ. ಪಟ್ಟಿಯ ಪ್ರತಿ ಸರ್ವರನ್ನೂ ಒಂದೊಂದಾಗಿ ಹೆಸರಿಸಿ ಎನ್‌ಎಸ್‌ಲುಕಪ್‌ನಲ್ಲಿ ಕೇಳಿದರೆ ಮೌನವಾಗಿರುವುದು ಯಾವುದೆಂದು ತಿಳಿಯುತ್ತದೆ. ಬೇಕಿರುವುದು ಆ ಸತ್ತ ವಿಳಾಸ ತೆಗೆಯುವುದು. ಐಪಿವಿ6 ಪೂರ್ತಿ ನಿಲ್ಲಿಸುವುದು ಅತಿಯಾದ ಚಿಕಿತ್ಸೆ.

ಏನೇ ಆದರೂ ಗೂಗಲ್‌ನ 8.8.8.8 ಹಾಕಿಬಿಡಿ ಎಂಬ ಸಲಹೆ ಮುನಿರ್ಕಾದಲ್ಲೂ ಬೆಂಗಳೂರಿನಲ್ಲೂ ಒಂದೇ ರೀತಿ ಕೇಳಿಬರುತ್ತದೆ. 2009ರಲ್ಲಿ ಶುರುವಾದ ಆ ಸೇವೆ, 2018ರಲ್ಲಿ ಬಂದ ಕ್ಲೌಡ್‌ಫ್ಲೇರ್‌ನ 1.1.1.1, ಎರಡೂ ಒಳ್ಳೆಯವೇ. ಪರೀಕ್ಷೆಗೆ ಅವು ಬಹಳ ಉಪಯುಕ್ತ: ಸ್ಥಳೀಯ ಸರ್ವರ್ ಸುಮ್ಮನಿದ್ದು ಇವು ಉತ್ತರಿಸಿದರೆ ದೋಷ ಯಾರದೆಂದು ಖಚಿತ. ಶಾಶ್ವತ ಮದ್ದಾಗಿ ಮಾತ್ರ ಅವು ಎಲ್ಲ ಕಡೆಗೂ ಹೊಂದುವುದಿಲ್ಲ. ಕ್ಯಾಂಪಸ್ಸುಗಳಲ್ಲಿ ಒಳಗಿನ ಸರ್ವರ್‌ಗಳ, ಪ್ರಿಂಟರ್‌ಗಳ ಹೆಸರು ಒಳಗಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತದೆ. ಹೊರಗೆ ಕೇಳಿದರೆ ಬರುವ ಉತ್ತರ ಎನ್‌ಎಕ್ಸ್‌ಡೊಮೈನ್, ಅದು ತಪ್ಪೂ ಅಲ್ಲ. ಕೋಣೆಯಿಂದ ವಿಪಿಎನ್ ಮೂಲಕ ಕ್ಯಾಂಪಸ್ ಸೇರುವವರಿಗೆ ಇದೇ ಕಾರಣಕ್ಕೆ ವಿಪಿಎನ್ ಕೂಡಿದ ಮೇಲೂ ಒಳಗಿನ ಹೆಸರು ಸಿಗದಿರಬಹುದು. ಅದೇ ಸರ್ವರಿನ ಅಂಕಿ ವಿಳಾಸ ಬರೆದರೆ ತೆರೆದುಕೊಳ್ಳುತ್ತದೆ ಎಂದಾದರೆ ವಿಪಿಎನ್ ಸರಿಯಿದೆ, ಡಿಎನ್‌ಎಸ್ ಪ್ರಶ್ನೆಗಳು ಅದರೊಳಗೆ ಹೋಗುತ್ತಿಲ್ಲ.

ಬ್ರೌಸರ್‌ಗಳು ಈಗ ಯಂತ್ರದ ಡಿಎನ್‌ಎಸ್ ಬಿಟ್ಟು ತಾವೇ ಗೂಢಲಿಪಿಯಲ್ಲಿ ಹೊರಗಿನ ಸರ್ವರನ್ನು ಕೇಳಬಲ್ಲವು. ಆ್ಯಂಡ್ರಾಯ್ಡ್ ಫೋನಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆಯಿದೆ. ಅದರಲ್ಲಿ ಸರ್ವರಿನ ಹೆಸರು ಬರೆದಿದ್ದು, ಜಾಲ 853ನೇ ಪೋರ್ಟನ್ನು ತಡೆದಿದ್ದರೆ ಯಾವ ಹೆಸರೂ ಸಿಗದು. ಯಂತ್ರದ ಗಡಿಯಾರ ತಿಂಗಳುಗಟ್ಟಲೆ ಹಿಂದಿದ್ದರೂ ಗೂಢಲಿಪಿಯ ಪ್ರಮಾಣಪತ್ರ ಒಪ್ಪಿಗೆಯಾಗದೆ ಹುಡುಕಾಟ ಮುರಿಯುತ್ತದೆ. ಒಂದು ಬ್ರೌಸರಿನಲ್ಲಿ ತಾಣ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಮೊದಲು ಈ ಆಯ್ಕೆಗಳನ್ನು ನೋಡಬೇಕು. ಭಾರತದಲ್ಲಿ ನಿರ್ಬಂಧಿಸಿದ ತಾಣಗಳ ಹೆಸರಿಗೆ ಕೆಲವು ಸೇವಾದಾರರ ಡಿಎನ್‌ಎಸ್ ಬೇರೆಯದೇ ವಿಳಾಸ ಕೊಡುತ್ತದೆ ಎಂಬುದನ್ನೂ ತಿಳಿದಿರಬೇಕು. ಅದು ದೋಷವಲ್ಲ, ಆದೇಶದ ಪಾಲನೆ. ದುರಸ್ತಿ ಮಾಡುವವರು ಅದನ್ನು ಯಂತ್ರದಲ್ಲಿ ಹುಡುಕಿ ದಣಿಯಬೇಕಿಲ್ಲ.

ಹೆಸರಿನ ರೂಪದಲ್ಲೇ ತೊಡಕಿರುವ ಸಂದರ್ಭಗಳು ಕಡಿಮೆ. ‘ಡಾಟ್ ಲೋಕಲ್’ ಎಂದು ಮುಗಿಯುವ ಹೆಸರುಗಳನ್ನು ಅನೇಕ ಲಿನಕ್ಸ್ ಯಂತ್ರಗಳೂ ಮ್ಯಾಕ್‌ಗಳೂ ಸರ್ವರಿಗೆ ಕಳಿಸದೆ ಅಕ್ಕಪಕ್ಕದ ಯಂತ್ರಗಳನ್ನಷ್ಟೇ ಕೂಗಿ ಕೇಳುತ್ತವೆ. ಕಚೇರಿಯೊಂದು ತನ್ನ ಒಳಜಾಲಕ್ಕೆ ಆ ಬಾಲವನ್ನೇ ಇಟ್ಟುಕೊಂಡಿದ್ದರೆ ಸರ್ವರ್ ಸರಿಯಿದ್ದರೂ ಹೆಸರು ಸಿಗುವುದಿಲ್ಲ. ಇನ್ನು ಕನ್ನಡದಲ್ಲೇ ‘.ಭಾರತ’ ಎಂದು ಮುಗಿಯುವ ಹೆಸರುಗಳು ಬಂದಿವೆ. ಡಿಎನ್‌ಎಸ್‌ನೊಳಗೆ ಅವು ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ಸಂಕೇತವಾಗಿ ಓಡಾಡುತ್ತವೆ. ಬ್ರೌಸರ್ ಈ ಬದಲಾವಣೆ ತಾನೇ ಮಾಡುತ್ತದೆ, ಹಳೆಯ ಆಜ್ಞೆಗಳಲ್ಲಿ ಹಲವು ಮಾಡುವುದಿಲ್ಲ. ಅವುಗಳಿಗೆ ಸಂಕೇತರೂಪವನ್ನೇ ಕೊಡಬೇಕು. ಅರ್ಧಾಕ್ಷರ ಬಿಡಿಸಿ ಬರೆಯಲು ಕನ್ನಡ ಟೈಪಿಂಗಿನಲ್ಲಿ ಬಳಸುವ, ಕಣ್ಣಿಗೆ ಕಾಣದ ಅಕ್ಷರವೊಂದು ಹೆಸರಿನೊಳಗೆ ಸೇರಿದ್ದರೆ ಕೆಲವು ತಂತ್ರಾಂಶಗಳು ಅದನ್ನು ತೆಗೆದು ಕೇಳುತ್ತವೆ, ಕೆಲವು ಇಟ್ಟುಕೊಂಡೇ ಕೇಳುತ್ತವೆ. ಎರಡೂ ಸಂಕೇತಗಳು ಬೇರೆಯಾಗುವುದರಿಂದ ಒಂದೇ ಹೆಸರು ಒಂದು ಕಡೆ ಸಿಕ್ಕು ಇನ್ನೊಂದು ಕಡೆ ಸಿಗದೆ ಹೋಗಬಹುದು.

ದೋಷ ಸರಿಪಡಿಸಿದ ಮೇಲೂ ಕೆಲ ಹೊತ್ತು ಹಳೆಯ ಉತ್ತರವೇ ಬರುತ್ತಿದ್ದರೆ ಗಾಬರಿಯಾಗಬೇಕಿಲ್ಲ. ಪ್ರತಿ ಉತ್ತರದ ಜೊತೆ ಅದನ್ನು ಎಷ್ಟು ಸೆಕೆಂಡು ನೆನಪಿಡಬಹುದೆಂಬ ಅವಧಿ ಬಂದಿರುತ್ತದೆ. ‘ಇಲ್ಲ’ ಎಂಬ ಉತ್ತರಕ್ಕೂ ಅಂಥ ಅವಧಿಯುಂಟು, ಅದಕ್ಕೇ ಹೊಸದಾಗಿ ನೋಂದಾಯಿಸಿದ ಹೆಸರನ್ನು ಅವಸರದಲ್ಲಿ ಮೊದಲೇ ಕೇಳಿದವರಿಗೆ ಅದು ಉಳಿದವರಿಗಿಂತ ತಡವಾಗಿ ಸಿಗುತ್ತದೆ. ಯಂತ್ರದ ನೆನಪನ್ನು ಅಳಿಸಲು ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಆಜ್ಞೆಗೆ ‘ಫ್ಲಶ್‌ಡಿಎನ್‌ಎಸ್’ ಸೇರಿಸಬೇಕು, ಉಬುಂಟುವಿನಲ್ಲಿ ರಿಸಾಲ್ವ್‌ಸಿಟಿಎಲ್ ಜೊತೆ ‘ಫ್ಲಶ್ ಕ್ಯಾಶಸ್’ ಎನ್ನಬೇಕು. ಬ್ರೌಸರ್ ತನ್ನದೇ ನೆನಪಿಟ್ಟುಕೊಳ್ಳುವುದರಿಂದ ಅದನ್ನು ಪೂರ್ತಿ ಮುಚ್ಚಿ ತೆರೆಯಬೇಕು. ರೂಟರಿನ ನೆನಪು ಅಳಿಸಲು ಅದನ್ನು ಆರಿಸಿ ಹಚ್ಚುವುದೇ ದಾರಿ. ಸೇವಾದಾರರ ಸರ್ವರಿನ ನೆನಪು ಮಾತ್ರ ಬಳಕೆದಾರರ ಕೈಯಲ್ಲಿಲ್ಲ. ಅಲ್ಲಿ ಅವಧಿ ಮುಗಿಯುವವರೆಗೆ ಕಾಯಬೇಕು, ಇಲ್ಲವೇ ದೂರು ಕೊಡಬೇಕು. ದೂರಿನಲ್ಲಿ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಬರೆಯದೆ ಕೇಳಿದ ಹೆಸರು, ಕೇಳಿದ ಸರ್ವರಿನ ವಿಳಾಸ, ಬಂದ ಉತ್ತರ, ಹೊತ್ತು ಇವಿಷ್ಟನ್ನೂ, ಅದೇ ಹೆಸರಿಗೆ ಇನ್ನೊಂದು ಸರ್ವರ್ ಕೊಟ್ಟ ಉತ್ತರವನ್ನೂ ಬರೆದರೆ, ತಂತ್ರಜ್ಞರು ಮೆಟ್ಟಿಲು ಹತ್ತಿ ಬಂದು ತಂತಿ ಅಲುಗಾಡಿಸಿ ನೋಡುವ ಬದಲು ನೇರವಾಗಿ ತಮ್ಮ ಸರ್ವರನ್ನು ಪರೀಕ್ಷಿಸಬಹುದು.